ಹೊರನಾಡಿನ ತಾಯಿಗೆ, ಹೊರನಾಡಿನಿಂದ

ಅಮ್ಮಾ, ಅನ್ನಪೂರ್ಣೇಶ್ವರೀ,

ನೀನು ನೆಲೆಸಿದ ಊರಿನ ಹೆಸರು ಹೊರನಾಡು. ನಾನು ಬದುಕುತ್ತಿರುವುದೂ ಹೊರನಾಡಿನಲ್ಲೇ. ನಿನ್ನಲ್ಲಿಗೆ ಬಂದವರನ್ನು ಯಾವ ಊರು, ಯಾವ ಜನ ಎಂದು ಕೇಳದೆ ಊಟಕ್ಕೆ ಕೂರಿಸುತ್ತಾರೆ. ಕಳಸದಿಂದ ನಡೆದು ಬಂದವರಿಗೂ ಕಾಶಿಯಿಂದ ಬಂದವರಿಗೂ ಒಂದೇ ಪಂಕ್ತಿ. ನಾನಿರುವುದು ಜರ್ಮನಿಯ ಡಾರ್ಟ್ಮುಂಡ್‌ನಲ್ಲಿ, ಮೂರನೆಯ ಮಹಡಿಯ ಸಣ್ಣ ಮನೆಯಲ್ಲಿ. ಹೊರಡುವ ದಿನ ಅಮ್ಮ ಸೀರೆಗಳ ನಡುವೆ ಇಟ್ಟು ಕಳಿಸಿದ ನಿನ್ನ ಪಟ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಪಕ್ಕದಲ್ಲಿದೆ. ಇವತ್ತು ಅದರ ಮುಂದೆ ಒಂದು ಬಟ್ಟಲು ಅನ್ನ, ಒಂದು ಸೌಟು ನವಿಲುಕೋಸಿನ ಹುಳಿ ಇಟ್ಟಿದ್ದೇನೆ. ನೈವೇದ್ಯ ಇಷ್ಟೇ ತಾಯಿ. ನಿವೇದನೆ ಸ್ವಲ್ಪ ಉದ್ದವಿದೆ.

ಬಂದ ವರ್ಷದ ಚಳಿಗಾಲದಲ್ಲಿ ನಾನು ನಿನ್ನನ್ನು ದೂರಿದ್ದೆ. ಉಪ್ಪಿಟ್ಟು ಮಾಡಲು ಹೋದರೆ ಅಂಟಿನಂತಾಯಿತು. ಇಲ್ಲಿ ರವೆ ಎರಡು ಬಗೆಯದು, ಮೆದು ಗೋಧಿಯದು ಮಕ್ಕಳ ಗಂಜಿಗೆ, ಗಟ್ಟಿ ಗೋಧಿಯದೇ ನಮ್ಮ ಉಪ್ಪಿಟ್ಟಿಗೆ ಆಗುವುದು ಎಂದು ಆಗ ಗೊತ್ತಿರಲಿಲ್ಲ. ಇಡ್ಲಿ ಹಿಟ್ಟು ಎರಡು ರಾತ್ರಿ ಕಳೆದರೂ ಉಬ್ಬಲಿಲ್ಲ. ಓವನ್ನಿನ ದೀಪವೊಂದನ್ನೇ ಹೊತ್ತಿಸಿ ಪಾತ್ರೆಯನ್ನು ಅದರೊಳಗೆ ಇಡಬೇಕೆಂದು ಆಮೇಲೆ ಕಲಿತೆ. ಮೊದಲ ರಜೆ ಮುಗಿಸಿ ಊರಿಂದ ಮರಳುವಾಗ ಹಿತ್ತಲ ಕರಿಬೇವನ್ನು ಅಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟಿದ್ದಳು. ವಿಮಾನ ನಿಲ್ದಾಣದಲ್ಲಿ ಅದನ್ನು ತೆಗೆದಿಟ್ಟುಕೊಂಡರು. ತುಪ್ಪವೂ ಹೋಯಿತು. ಅಂದು ರೈಲಿನಲ್ಲಿ ಕೈ ಮೂಸಿ ನೋಡಿಕೊಂಡೆ. ಕರಿಬೇವಿನ ಘಮ ಬೆರಳಲ್ಲಿ ಉಳಿದಿತ್ತು.

ಅವರ ತಪ್ಪೇನೂ ಇರಲಿಲ್ಲ. ಗಿಡಗಳ ರೋಗ, ಕೀಟ ಒಳಗೆ ಬರಬಾರದೆಂದು ಐರೋಪ್ಯ ಒಕ್ಕೂಟ ಕಾನೂನು ಮಾಡಿದೆ. 2019ರ ಡಿಸೆಂಬರ್ 14ರಿಂದ ಹೊರದೇಶದ ಹಸಿ ಸೊಪ್ಪು, ತರಕಾರಿ, ಹಣ್ಣು ಪ್ರಯಾಣಿಕರ ಚೀಲದಲ್ಲಿ ಬಂದರೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಬಿನಾಯಿತಿ ಇರುವುದು ಐದೇ ಹಣ್ಣುಗಳಿಗೆ: ಅನಾನಸು, ಡ್ಯೂರಿಯನ್, ಖರ್ಜೂರ, ಬಾಳೆ ಮತ್ತು ತೆಂಗು. ಆ ಪಟ್ಟಿ ಓದಿದ ದಿನ ನನ್ನ ಕಣ್ಣು ಕೊನೆಯ ಎರಡು ಹೆಸರಿನ ಮೇಲೇ ನಿಂತಿತು. ನಿನ್ನ ಗುಡಿಗೆ ಬರುವವರು ಹಿಡಿದು ಬರುವ ಹಣ್ಣುಕಾಯಿ ಅವೇ ಎರಡಲ್ಲವೇ?

ಅಂದಿನಿಂದ ನಾನು ದೂರುವುದು ಬಿಟ್ಟು ಹುಡುಕತೊಡಗಿದೆ. ಹುಡುಕಿದಷ್ಟೂ ನೀನು ನನಗಿಂತ ಮೊದಲೇ ಇಲ್ಲಿಗೆ ಬಂದಿದ್ದು ತಿಳಿಯಿತು. ಮೂಲೆಯಂಗಡಿಯಲ್ಲಿ ಸಬ್ಬಸಿಗೆ ಸೊಪ್ಪಿನ ಕಟ್ಟು ಸಿಕ್ಕಿತು. ಇಲ್ಲಿಯವರು ಅದನ್ನು ಸೌತೆಕಾಯಿಗೂ ಮೀನಿಗೂ ಹಾಕುತ್ತಾರೆ. ನಾನು ಅಕ್ಕಿರೊಟ್ಟಿಗೆ ಹಾಕಿದೆ. ನವಿಲುಕೋಸಂತೂ ಈ ಜನರ ಅಚ್ಚುಮೆಚ್ಚಿನ ತರಕಾರಿ, ಕೋಲ್‌ರಾಬಿ ಎಂದು ಕರೆದು ಹಸಿಯಾಗಿಯೇ ಮಕ್ಕಳ ಕೈಗೆ ಕೊಡುತ್ತಾರೆ. ಮಜ್ಜಿಗೆ ಎಲ್ಲ ಅಂಗಡಿಯಲ್ಲೂ ಇದೆ. ಬುಟರ್‌ಶ್ಮಾಲ್ಟ್ಸ್ ಎಂಬ ಹೆಸರಿನ ಡಬ್ಬಿಯಲ್ಲಿರುವುದು ಕಾಯಿಸಿ ಸೋಸಿದ ಬೆಣ್ಣೆಯೇ. ನಮ್ಮ ಕಾಫಿಪುಡಿಗೆ ಬೆರೆಸುವ ಚಿಕೋರಿ ಇಲ್ಲಿಯ ದಾರಿಬದಿಯ ಗಿಡ. 1781ರಲ್ಲಿ ಪ್ರಷ್ಯಾದ ದೊರೆ ಫ್ರೆಡ್ರಿಕ್ ಕಾಫಿ ಹುರಿಯುವುದನ್ನೇ ತನ್ನ ಹಿಡಿತಕ್ಕೆ ತೆಗೆದುಕೊಂಡ ಕಾಲದಲ್ಲಿ ಬಡವರು ಅದರ ಬೇರನ್ನು ಹುರಿದು ಕುಡಿದರು. ಬೇಸಗೆಯಲ್ಲಿ ಅದು ನೀಲಿ ಹೂ ಬಿಟ್ಟು ರಸ್ತೆಯಂಚಿನಲ್ಲಿ ನಿಂತಿರುತ್ತದೆ. ದೂರ ಹೋದವನಿಗಾಗಿ ದಾರಿ ಕಾಯುತ್ತ ಹೂವಾಗಿಬಿಟ್ಟ ಹುಡುಗಿ ಎಂದು ಇಲ್ಲಿಯವರು ಅದರ ಕತೆ ಹೇಳುತ್ತಾರೆ. ಆ ಹೂ ಕಂಡಾಗಲೆಲ್ಲ ನನಗೆ ನಮ್ಮ ಜಗಲಿಯ ತುದಿಯಲ್ಲಿ ನಿಂತ ಅಮ್ಮ ನೆನಪಾಗುತ್ತಾಳೆ.

ಇಷ್ಟು ಈ ನೆಲ ಕೊಟ್ಟಿದ್ದು. ಕರಿಬೇವು, ನುಗ್ಗೆಕಾಯಿ, ಹುಣಿಸೆಹಣ್ಣು, ಉದ್ದಿನಬೇಳೆ ಕೊಟ್ಟವರು ಬೇರೆ. ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಶ್ರೀಲಂಕಾದ ತಮಿಳರೊಬ್ಬರ ಅಂಗಡಿ ಇದೆ. ಮೊದಲ ದಿನ ಹೋಗಿ, ಜರ್ಮನ್ ಸಾಲದೆ, "ಅಣ್ಣಾ, ಕರಿಬೇವು" ಎಂದೆ. "ಕರುವೇಪ್ಪಿಲೈ ವಾರಕ್ಕೊಮ್ಮೆ ಬರುತ್ತದೆ ತಂಗಚ್ಚಿ, ಎತ್ತಿಡುತ್ತೇನೆ" ಎಂದರು. ಅವರದು ತಮಿಳು, ನನ್ನದು ಕನ್ನಡ. ಅಣ್ಣ ತಂಗಿ ಎರಡರಲ್ಲೂ ಒಂದೇ ಆಗಿತ್ತು. ಮುಂದಿನ ವಾರ ಹೋದಾಗ ಕಟ್ಟು ಕಾಯುತ್ತಿತ್ತು.

ಅವರು ನನ್ನ ಹಾಗೆ ಓದಲು ಬಂದವರಲ್ಲ. 1983ರ ಜುಲೈನಲ್ಲಿ ಕೊಲಂಬೋದಲ್ಲಿ ತಮಿಳರ ಮನೆ, ಅಂಗಡಿಗಳು ಉರಿದವು, ಯುದ್ಧ ಬೆಳೆಯಿತು, ಸಾವಿರಾರು ಜನ ಉಟ್ಟ ಬಟ್ಟೆಯಲ್ಲಿ ದೇಶ ಬಿಟ್ಟರು. ಹಾಗೆ ಇಲ್ಲಿಗೆ ಬಂದವರು ಬೇರೆಯವರ ಅಡುಗೆಮನೆಗಳಲ್ಲಿ ಪಾತ್ರೆ ತೊಳೆದು, ಕೂಡಿಟ್ಟು, ಅಂಗಡಿ ತೆರೆದರು. ಇಲ್ಲಿಂದ ಅರ್ಧ ಗಂಟೆಯ ದೂರದ ಹಾಮ್ ನಗರದ ಅಂಚಿನಲ್ಲಿ, ಕಾರ್ಖಾನೆಗಳ ನಡುವೆ, ಕಾಮಾಕ್ಷಿಗೆ ಗೋಪುರವಿರುವ ಗುಡಿ ಕಟ್ಟಿ 2002ರಲ್ಲಿ ಕುಂಭಾಭಿಷೇಕ ಮಾಡಿದರು. ಅಲ್ಲಿಯ ತೇರಿನ ದಿನ ನಾನೂ ಹಗ್ಗ ಹಿಡಿದೆ. ಆಮೇಲೆ ಸಾಲಿನಲ್ಲಿ ನಿಂತೆ. ಬಡಿಸುವಾಕೆ ನನ್ನ ಹೆಸರು ಕೇಳಲಿಲ್ಲ, ಇನ್ನೊಂದು ಸೌಟು ಅನ್ನ ಹಾಕಿ "ಸಾಕಾ?" ಎಂಬಂತೆ ನೋಡಿದಳು. ಆಗ ನಿನ್ನ ಪಂಕ್ತಿ ಎಲ್ಲಿಯವರೆಗೆ ಹಬ್ಬಿದೆಯೆಂದು ಕಂಡೆ. ನನ್ನ ನಾಲಿಗೆಗೆ ಊರಿನ ರುಚಿ ದೊರಕಿದ್ದು ಊರನ್ನೇ ಕಳೆದುಕೊಂಡವರ ಕೈಯಿಂದ.

ಈಗ ನನ್ನ ತಪ್ಪನ್ನು ಹೇಳಿಕೊಳ್ಳಬೇಕು. ಊರಿನಲ್ಲಿ ನಮ್ಮದೂ ಒಂದು ಕಿರಾಣಿ ಅಂಗಡಿ. ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಕೆಲಸಕ್ಕೆ ಬಂದವರು ಸಂತೆಯ ದಿನ ಅಲ್ಲಿಗೂ ಬರುತ್ತಿದ್ದರು. ಒಬ್ಬ ಹುಡುಗ ಗೋಣಿಯಲ್ಲಿದ್ದ ಸಾಸಿವೆಯನ್ನು ತೋರಿಸಿ, ಹಿಂಡುವ ಹಾಗೆ ಕೈ ಮಾಡಿ, "ತೇಲ್, ತೇಲ್" ಎಂದಿದ್ದ. ಸಾಸಿವೆ ಎಣ್ಣೆ ಕೇಳುತ್ತಿದ್ದಾನೆಂದು ನನಗೆ ಅರ್ಥವಾಗಿತ್ತು. ಅದನ್ನು ದೀಪಕ್ಕೂ ಹಾಕುವುದಿಲ್ಲ ಎಂದು ನಕ್ಕುಬಿಟ್ಟೆ. ಅವನು ಉಪ್ಪು, ಬೀಡಿ ಕೊಂಡು ಹೋದ. ಅವರ ಲೈನುಮನೆಯಿಂದ ಒಣಮೀನಿನ ವಾಸನೆ ಬಂದಾಗ ಮೂಗು ಮುಚ್ಚಿಕೊಂಡು ಓಡಿದ್ದೂ ಉಂಟು. ಡಾರ್ಟ್ಮುಂಡ್‌ನ ಆ ಅಂಗಡಿಯಲ್ಲಿ ಕರಿಬೇವು ಹಿಡಿದು ನಿಂತ ಹೊತ್ತಿಗೆ ಆ ಹುಡುಗನ ಮುಖ ಎದುರು ಬಂತು. ಅವನ ನಾಲಿಗೆಯ ಊರನ್ನು ನಾನು ಬಾಗಿಲಿಂದಲೇ ಹಿಂದೆ ಕಳಿಸಿದ್ದೆ. ಕ್ಷಮಿಸು ತಾಯಿ.

ನನ್ನ ಬೇಡಿಕೆ ದೊಡ್ಡದಲ್ಲ. ಪರವೂರಿಗೆ ಹೊಟ್ಟೆಪಾಡಿಗೆ ಹೋದವರಿಗೆ ಹೊಟ್ಟೆ ತುಂಬಿದರೆ ಸಾಲದು, ವಾರಕ್ಕೊಂದು ತುತ್ತಾದರೂ ತಾಯಿಯ ಕೈಯ ಹಾಗಿರಲಿ. ನಾನು ಉಂಡ ಋಣ ನನಗೆ ನೆನಪಿರಲಿ. ಬೆಂಗಳೂರಿನಲ್ಲಿ ಬಾಡಿಗೆಮನೆ ಹುಡುಕುವ ನಾಗಾ, ಮಣಿಪುರಿ ಮಕ್ಕಳ ಒಲೆಯ ವಾಸನೆಗೆ ಯಾರೂ ಬಾಗಿಲು ಹಾಕದಿರಲಿ. ತನ್ನ ಒಗ್ಗರಣೆಯನ್ನು ಪರಿಮಳವೆಂದೂ ಪಕ್ಕದವರ ಒಗ್ಗರಣೆಯನ್ನು ನಾತವೆಂದೂ ಕರೆಯುವ ಮೂಗನ್ನು ಯಾರಿಗೂ ಕೊಡಬೇಡ. ಕೊಟ್ಟಿದ್ದರೆ ತಿದ್ದು, ನನ್ನದನ್ನು ತಿದ್ದಿದ ಹಾಗೆ.

ಕಳೆದ ತಿಂಗಳು ಊರಿಗೆ ಫೋನ್ ಮಾಡಿ ಅಣ್ಣನಿಗೆ ಒಂದು ಮಾತು ಹೇಳಿದೆ: ಅಂಗಡಿಗೆ ಸಾಸಿವೆ ಎಣ್ಣೆ ತರಿಸಿಡು, ಲಾಭ ನೋಡಬೇಡ. ಹನ್ನೆರಡು ಬಾಟಲಿಯ ಒಂದು ಪೆಟ್ಟಿಗೆ ತರಿಸಿದನಂತೆ. ಎರಡು ಸಂತೆಯಲ್ಲಿ ಖಾಲಿಯಾಗಿದೆ.