ಖಾಲಿ ಪೈಪು ಯಾರಿಗಾಗಿ?

ಮನೆ ಕಟ್ಟುವವರು ಮೊದಲು ವಾಸ್ತು ಕೇಳುತ್ತಾರೆ. ಅಡುಗೆಮನೆ ಆಗ್ನೇಯಕ್ಕೆ ಬಂತೇ, ದೇವರ ಕೋಣೆ ಈಶಾನ್ಯದಲ್ಲಿದೆಯೇ ಎಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಇಂಟರ್ನೆಟ್ಟಿನ ತಂತಿ ಎಲ್ಲಿಂದ ಒಳಗೆ ಬರಬೇಕು, ರೂಟರ್ ಎಲ್ಲಿರಬೇಕು ಎಂಬ ಪ್ರಶ್ನೆ ಮಾತ್ರ ಏಳುವುದು ಗೃಹಪ್ರವೇಶ ಮುಗಿದು, ಕನೆಕ್ಷನ್ ಕೊಡಲು ಬಂದ ಹುಡುಗ ಡ್ರಿಲ್ಲಿಂಗ್ ಮಷಿನ್ ಹಿಡಿದು ಹೊಸ ಬಣ್ಣದ ಗೋಡೆಯ ಮುಂದೆ ನಿಂತಾಗ.

ದಾವಣಗೆರೆಯ ಹೊಸ ಬಡಾವಣೆಯೊಂದರಲ್ಲಿ ನನ್ನ ಅಣ್ಣ ಮನೆ ಕಟ್ಟಿಸುತ್ತಿದ್ದಾನೆ. ಅವನ ಕೆಲಸ ಬೆಂಗಳೂರಿನಲ್ಲಿ. ಮನೆಯಲ್ಲಿ ವಾಸ ಮಾಡುವವರು ಸದ್ಯ ಹರಿಹರದಲ್ಲಿರುವ ಅಪ್ಪ, ಅಮ್ಮ. ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂರುವವರಿಗೆ ವೈರಿಂಗೂ ಗೊತ್ತಿರುತ್ತದೆ ಎಂಬ ನಂಬಿಕೆಯಿಂದ ನೆಟ್‌ವರ್ಕ್ ಮತ್ತು ಟಿವಿ ತಂತಿಗಳ ನಕ್ಷೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ತಾಂತ್ರಿಕವಾಗಿ ಇದು ಕಷ್ಟದ ಕೆಲಸವಲ್ಲ. ಮನೆಯ ನಡುವೆ ಗಾಳಿಯಾಡುವ ಒಂದು ಮೂಲೆ ಆರಿಸಿ, ಅಲ್ಲಿಂದ ಪ್ರತಿ ಕೋಣೆಗೂ ಕ್ಯಾಟ್ 6 ಕೇಬಲ್ ಬೇರೆ ಬೇರೆಯಾಗಿ ಎಳೆಯಬೇಕು. ಒಂದು ಎಳೆತ 100 ಮೀಟರ್ ಮೀರಬಾರದು. 30×40 ಸೈಟಿನ ಮನೆಯಲ್ಲಿ ಆ ಚಿಂತೆ ಇಲ್ಲ. ಕರೆಂಟಿನ ತಂತಿ ಹೋಗುವ ಪೈಪಿನಲ್ಲೇ ಇದನ್ನು ತುರುಕಬಾರದು. ತಾಮ್ರ ಬಳಿದ ಅಲ್ಯುಮಿನಿಯಂ ಕೇಬಲ್ ಅಗ್ಗಕ್ಕೆ ಸಿಕ್ಕಿದರೂ ತರಬಾರದು. ಎಲ್ಲವೂ ವೈಫೈ ಆಗಿರುವಾಗ ತಂತಿ ಏಕೆ ಎಂದು ಕೇಳಬಹುದು. ಆದರೆ 5 ಗಿಗಾಹರ್ಟ್ಸ್ ವೈಫೈ ಕಾಂಕ್ರೀಟು ದಾಟುವಷ್ಟರಲ್ಲಿ ಸೊರಗುತ್ತದೆ. ಮಹಡಿಗೊಂದು ವೈಫೈ ಪೆಟ್ಟಿಗೆ ಬೇಕು, ಆ ಪೆಟ್ಟಿಗೆಗೆ ಹೋಗುವುದು ಮತ್ತೆ ತಂತಿಯೇ. ಮುಖ್ಯವಾದ ಮಾತೆಂದರೆ, ಸ್ಲ್ಯಾಬಿನೊಳಗಿನ ಪೈಪು ಕಾಂಕ್ರೀಟು ಸುರಿಯುವ ಮೊದಲೇ ಕೂರಬೇಕು.

ನನ್ನನ್ನು ಕಾಡಿದ್ದು ಈ ಕೊನೆಯ ಮಾತು. ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ತಂತಿ ಎಳೆಯುತ್ತಿದ್ದರು. ನೋಡಲು ಚೆಂದವಿರಲಿಲ್ಲ, ಆದರೆ ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಮನೆಯವರೆಲ್ಲರಿಗೂ ಕಾಣುತ್ತಿತ್ತು, ಬೇಡವಾದರೆ ಕಿತ್ತುಹಾಕಬಹುದಿತ್ತು. ಈಗಿನ ತಂತಿ ಗೋಡೆಯೊಳಗಿದೆ. ಗೋಡೆಯೊಳಗೆ ಸೇರಿದ ತೀರ್ಮಾನದ ಜೊತೆ ವಾದ ಮಾಡುವುದು ಕಷ್ಟ. ನಾಳೆ ಆ ಮನೆಯಲ್ಲಿ ಇರುವವರ ಅಭ್ಯಾಸಗಳನ್ನು ಇಂದು ಕಟ್ಟುವವರು ಎಷ್ಟರಮಟ್ಟಿಗೆ ನಿರ್ಧರಿಸಬಹುದು?

ನಾಳೆ ಏನಾಗುತ್ತದೆಂದು ಊಹಿಸಿ ಸೋತ ಅನುಭವ ಈ ಎರಡು ಊರುಗಳಿಗೆ ಸಾಕಷ್ಟಿದೆ. ಹತ್ತಿ ಗಿರಣಿಗಳಿಂದಾಗಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಆ ಗಿರಣಿಗಳು ಒಂದೊಂದಾಗಿ ನಿಂತವು. ಇಂದು ಊರಿನ ಗುರುತು ಕಾಲೇಜುಗಳು ಮತ್ತು ಬೆಣ್ಣೆ ದೋಸೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಎಷ್ಟೋ ವರ್ಕ್‌ಶಾಪುಗಳಿಗೆ ಹೋದವು. ಆ ಕಾರ್ಖಾನೆಯೂ ಮುಚ್ಚಿತು. ಮನೆಗಳ ಒಳಗೂ ಇದೇ ಕಥೆ. ತಾರಸಿಯ ಆಂಟೆನಾದಿಂದ ಇಳಿದ ಚಪ್ಪಟೆ ತಂತಿ, ಲ್ಯಾಂಡ್‌ಲೈನಿನ ತಂತಿ, ಕೇಬಲ್ ಟಿವಿಯ ದಪ್ಪ ಕಪ್ಪು ತಂತಿ, ಡಿಶ್ಶಿನದು, ಈಗ ಕೂದಲೆಳೆಯ ಫೈಬರ್. ಪ್ರತಿಯೊಂದೂ ಇದೇ ಕೊನೆಯದು ಎಂಬಂತೆ ಬಂತು.

ಕಟ್ಟುವವನಿಗೆ ನಾಳೆಯನ್ನು ಕಟ್ಟಿಹಾಕುವ ಆಸೆ ಹಳೆಯದು. ಹೊಯ್ಸಳರ ಕಾಲದಲ್ಲಿ, 13ನೆಯ ಶತಮಾನದಲ್ಲಿ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಹಲವು ಶಾಸನಗಳಿವೆ. ನಮ್ಮ ದಾನಶಾಸನಗಳ ರೀತಿ ಓದುಗರಿಗೆ ಗೊತ್ತು: ದಾನ ಸೂರ್ಯಚಂದ್ರರಿರುವವರೆಗೆ ನಡೆಯಬೇಕು, ತಪ್ಪಿದವನಿಗೆ ಶಾಪ. ಆ ಶಾಪದ ಹಿಂದೆ ದುರಹಂಕಾರಕ್ಕಿಂತ ಹೆಚ್ಚಾಗಿ ಭಯವಿದೆ. ತಾನು ಕಾಳಜಿಯಿಂದ ಮಾಡಿದ್ದನ್ನು ಮುಂದಿನವರು ಕೆಡಿಸಿಯಾರು ಎಂಬ ಭಯ. ಇದಕ್ಕೆ ಎದುರಾದ ಮಾತನ್ನು 1789ರಲ್ಲಿ ಥಾಮಸ್ ಜೆಫರ್ಸನ್ ಗೆಳೆಯ ಮ್ಯಾಡಿಸನ್‌ಗೆ ಬರೆದ ಪತ್ರದಲ್ಲಿ ಹೇಳಿದ: ಭೂಮಿ ಇರುವುದು ಬದುಕಿರುವವರ ಅನುಭೋಗಕ್ಕೆ, ಸತ್ತವರಿಗೆ ಅದರ ಮೇಲೆ ಅಧಿಕಾರವಿಲ್ಲ. ಆದರೆ ಇದನ್ನು ಕೊನೆಯವರೆಗೆ ಎಳೆದರೆ ಯಾರೂ ಯಾರಿಗಾಗಿಯೂ ಏನನ್ನೂ ಕಟ್ಟುವಂತಿಲ್ಲ.

ಎಲೆಕ್ಟ್ರಿಷಿಯನ್ನರ ಬಳಿ ಈ ಎರಡರ ನಡುವಿನ ದಾರಿಯೊಂದಿದೆ: ಖಾಲಿ ಪೈಪು. ಗೋಡೆಯೊಳಗೆ ಒಂದಿಂಚಿನ ಪೈಪು ಕೂರಿಸಿ, ಒಳಗೆ ನೈಲಾನ್ ದಾರ ಬಿಟ್ಟು, ಬಾಯಿಗೆ ಮುಚ್ಚಳ ಹಾಕುತ್ತಾರೆ. ಮುಂದೆ ಯಾವ ತಂತಿ ಬಂದರೂ ದಾರಕ್ಕೆ ಕಟ್ಟಿ ಎಳೆದುಕೊಳ್ಳಬಹುದು. ಕಟ್ಟಿದವನು ಇಲ್ಲಿ ಮುಂದಿನವರ ಬಯಕೆಯನ್ನು ಊಹಿಸುವುದಿಲ್ಲ, ಅವರಿಗೂ ಬಯಕೆ ಇರುತ್ತದೆಂದು ಒಪ್ಪಿಕೊಳ್ಳುತ್ತಾನೆ ಅಷ್ಟೆ.

ಹಾಗೆಂದು ಖಾಲಿ ಪೈಪು ಪೂರಾ ನಿಷ್ಪಕ್ಷಪಾತಿಯೂ ಅಲ್ಲ. ಅಣ್ಣ ಕಳಿಸಿದ ಮೊದಲ ಪಟ್ಟಿಯಲ್ಲಿ ಮಹಡಿ ಮೇಲಿನ ಆಫೀಸು ಕೋಣೆಗೆ ನಾಲ್ಕು ಪಾಯಿಂಟುಗಳಿದ್ದವು. ಅವನು ಅಲ್ಲಿ ಕೂರುವುದು ಹಬ್ಬಕ್ಕೆ ಬಂದಾಗ. ಅಮ್ಮ ದಿನದ ಹೆಚ್ಚು ಹೊತ್ತು ಕಳೆಯುವ, ಫೋನಿನಲ್ಲಿ ವಚನ ಕೇಳುತ್ತ ರೊಟ್ಟಿ ಬಡಿಯುವ ಅಡುಗೆಮನೆಗೆ ಒಂದೂ ಇರಲಿಲ್ಲ. ಎಲ್ಲಿ ಜಾಗ ಬಿಡುತ್ತೇವೆ ಎಂಬುದು ಯಾರಿಗೆ ನಾಳೆ ಇದೆ ಎಂದುಕೊಂಡಿದ್ದೇವೆ ಎಂಬುದನ್ನು ಹೇಳಿಬಿಡುತ್ತದೆ.

ನಿಜವಾದ ಜಗಳ ಹತ್ತಿದ್ದು ಕ್ಯಾಮೆರಾ ವಿಷಯಕ್ಕೆ. ಹಾಲಿನಲ್ಲೂ ಅಪ್ಪ ಅಮ್ಮನ ಕೋಣೆಯ ಬಾಗಿಲ ಬಳಿಯೂ ಒಂದೊಂದು ಕ್ಯಾಮೆರಾ ಇರಲಿ ಎಂದು ಅಣ್ಣ ಹೇಳಿದ. ಅವನ ಆತಂಕ ಸುಳ್ಳಲ್ಲ. ಅಪ್ಪನಿಗೆ ಬಿಪಿ ಇದೆ, ರಾತ್ರಿ ಎರಡು ಸಲ ಏಳುತ್ತಾರೆ, ಬೆಂಗಳೂರಿನಿಂದ ಬರಲು ಐದು ತಾಸು ಬೇಕು. ವಿಷಯ ತಿಳಿದ ಅಪ್ಪ, "ನಾನೇನು ಅಂಗಡಿ ಸಾಮಾನಾ, ಕಾಯಾಕೆ? ನೋಡ್ಬೇಕು ಅನ್ಸಿದ್ರೆ ಬಂದು ನೋಡ್ಕಂಡು ಹೋಗ್ಲಿ" ಎಂದರು. ಅಮ್ಮ ಮಾತ್ರ, "ಗೇಟಿಗೆ ಹಾಕ್ಸು, ಒಳಗೆ ಬ್ಯಾಡ" ಎಂದಳು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಕೆ. ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅರ್ಜಿ ಹಾಕಿದಾಗ ಅವರು 80 ದಾಟಿದ್ದರು. ಆದರೆ ಆ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು ನಿಲ್ಲುವಂಥದ್ದು. ಪ್ರೀತಿಯಿಂದ ನೋಡಬಯಸುವ ಮಗನ ಎದುರು ಯಾವ ತಂದೆ ಅದನ್ನು ಎತ್ತಿಯಾನು? ಹೆತ್ತವರ ಮರ್ಯಾದೆಯ ಪ್ರಶ್ನೆ ಕಾನೂನು ತಲುಪದ ಈ ಜಾಗದಲ್ಲಿದೆ, ಅದನ್ನು ನಾವೇ ನೋಡಿಕೊಳ್ಳಬೇಕು.

ನನಗೆ ಹೊಳೆದ ಅಳತೆಗೋಲು ಇಷ್ಟು: ಒಂದು ತಂತಿಯಲ್ಲಿ ಮಾತು ಯಾರಿಂದ ಶುರುವಾಗುತ್ತದೆ? ಕ್ಯಾಮೆರಾದ ತಂತಿಯಲ್ಲಿ ನೋಡುವವನು ಬೇಕೆಂದಾಗ ಶುರುಮಾಡುತ್ತಾನೆ, ನೋಡಿಸಿಕೊಳ್ಳುವವರಿಗೆ ಅದು ತಿಳಿಯುವುದೂ ಇಲ್ಲ. ಕರೆಗಂಟೆಯ ತಂತಿಯಲ್ಲಿ ಶುರುಮಾಡುವವರು ಒಳಗಿರುವವರು. ಕಾಳಜಿ ಎರಡರಲ್ಲೂ ಇದೆ. ಆದರೆ ಮೊದಲನೆಯದರಲ್ಲಿ ಅಪ್ಪ ಅಮ್ಮ ಕಾಳಜಿಯ ವಸ್ತು, ಎರಡನೆಯದರಲ್ಲಿ ತಮ್ಮ ಅಗತ್ಯವನ್ನು ತಾವೇ ಹೇಳುವ ಮನುಷ್ಯರು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ, ಅಣ್ಣ ಅದನ್ನು ಎತ್ತಿದ: ಪ್ರಜ್ಞೆ ತಪ್ಪಿ ಬಿದ್ದವರು ಗಂಟೆ ಒತ್ತುವುದಿಲ್ಲ. ನಿಜ. ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆ ಅಪಾಯ ಯಾರ ಜೀವದ ಮೇಲಿದೆಯೋ ಅವರು ಅದನ್ನು ತಿಳಿದೂ ಬೇಡ ಎಂದಾಗ, ನಮ್ಮ ನೆಮ್ಮದಿಗಾಗಿ ಅವರ ಮಾತನ್ನು ದಾಟುವುದು ಕಾಳಜಿ ಎನ್ನಿಸಿಕೊಳ್ಳಲಾರದು ಎಂದಷ್ಟೇ ಹೇಳಬಲ್ಲೆ. ದೂರದಲ್ಲಿರುವ ಮಕ್ಕಳ ಭಯವನ್ನು ಮಕ್ಕಳೇ ಸ್ವಲ್ಪ ಹೊರಬೇಕು.

ಕೊನೆಗೆ ನಕ್ಷೆಯಲ್ಲಿ ಉಳಿದದ್ದು: ಗೇಟಿಗೆ ಒಂದು ಕ್ಯಾಮೆರಾ. ಮಂಚದ ಪಕ್ಕ ಮತ್ತು ಬಚ್ಚಲಲ್ಲಿ, ಬಿದ್ದರೂ ಕೈಗೆಟುಕುವಷ್ಟು ಕೆಳಗೆ, ಒಂದೊಂದು ಕರೆಗಂಟೆಯ ಸ್ವಿಚ್ಚು. ಒತ್ತಿದರೆ ಪಕ್ಕದ ಮನೆಯಲ್ಲೂ ನಮ್ಮಿಬ್ಬರ ಫೋನಿನಲ್ಲೂ ಸದ್ದಾಗಬೇಕು. ಅಡುಗೆಮನೆಗೆ ಎರಡು ಪಾಯಿಂಟು. ಹಾಲಿನ ಮೂಲೆಗೆ ದಾರ ಬಿಟ್ಟ ಖಾಲಿ ಪೈಪೊಂದು ಹೋಗುತ್ತದೆ. ಮುಂದೊಂದು ದಿನ ಅಪ್ಪನೇ ಬೇಕೆಂದರೆ ಅದರಲ್ಲಿ ಕ್ಯಾಮೆರಾದ ತಂತಿ ಎಳೆಯಬಹುದು. ಮುಚ್ಚಳ ಎಲ್ಲಿದೆ, ಅದರ ಹಿಂದೆ ಏನಿದೆ ಎಂಬುದನ್ನು ಅವರಿಗೆ ತೋರಿಸಿಯೇ ಗಿಲಾಯಿ ಮಾಡಿಸುತ್ತೇವೆ.