ಮುಖ ಕಂಡ ಮೇಲೆ

ಕೊಲೆಗಾರನನ್ನು ಮನುಷ್ಯನಂತೆ ತೋರಿಸಿದರೆ ಕೊಲೆಯನ್ನು ಸಮರ್ಥಿಸಿದಂತಾಗುತ್ತದೆಯೇ? ಪಿಯೆರ್ ಫಲಾರ್ಡೊ ನಿರ್ದೇಶಿಸಿದ ಕೆನಡಾದ ಕ್ವಿಬೆಕ್‌ನ ಫ್ರೆಂಚ್ ಚಿತ್ರ ‘ಒಕ್ಟೋಬ್ರ್’ (1994) ನೋಡಿದವರಿಗೆ ಈ ಪ್ರಶ್ನೆ ಕಾಡದೆ ಇರದು. ಕ್ವಿಬೆಕ್‌ನ ಸ್ವಾತಂತ್ರ್ಯಕ್ಕಾಗಿ ಶಸ್ತ್ರ ಹಿಡಿದಿದ್ದ ಎಫ್‌ಎಲ್‌ಕ್ಯೂ ಸಂಘಟನೆಯ ಒಂದು ತಂಡ 1970ರ ಅಕ್ಟೋಬರ್ 10ರಂದು ಪ್ರಾಂತ್ಯದ ಕಾರ್ಮಿಕ ಸಚಿವ ಪಿಯೆರ್ ಲಾಪೋರ್ಟ್ ಅವರನ್ನು ಮನೆಯೆದುರಿನಿಂದಲೇ ಹೊತ್ತೊಯ್ದಿತು. ವಾರದ ಬಳಿಕ ಅವರ ಹೆಣ ಕಾರಿನ ಡಿಕ್ಕಿಯಲ್ಲಿ ಸಿಕ್ಕಿತು. ಚಿತ್ರಕ್ಕೆ ಆಧಾರ, ಆ ತಂಡದಲ್ಲಿದ್ದ ಫ್ರಾನ್ಸಿಸ್ ಸಿಮಾರ್ ಅವರ ಪುಸ್ತಕ. ನಿರ್ದೇಶಕರೂ ಸ್ವಾತಂತ್ರ್ಯವಾದಿ. ಅನುಮಾನ ಹುಟ್ಟಲು ಇಷ್ಟು ಸಾಕು.

ಸಣ್ಣ ಬಜೆಟ್ಟಿನ ಈ ಚಿತ್ರದ ಬಹುಪಾಲು ಲಾಪೋರ್ಟ್ ಅವರನ್ನು ಕೂಡಿಹಾಕಿದ ಮನೆಯೊಳಗೇ ನಡೆಯುತ್ತದೆ. ಹೊರಗೆ ಯುದ್ಧಕಾಲದ ಕಾಯ್ದೆ ಜಾರಿಯಾಗಿದೆ, ಸೈನ್ಯ ಬೀದಿಗಿಳಿದಿದೆ, ವಾರಂಟ್ ಇಲ್ಲದೆ ನೂರಾರು ಜನರನ್ನು ಹಿಡಿಯಲಾಗುತ್ತಿದೆ. ಅದೆಲ್ಲ ಒಳಗಿನವರಿಗೆ ತಲುಪುವುದು ಸುದ್ದಿಯಾಗಿ ಮಾತ್ರ. ಅವರು ಹಿಡಿಯಹೊರಟಿದ್ದು ಸರ್ಕಾರವನ್ನು. ಕೈಗೆ ಸಿಕ್ಕಿದ್ದು ಒಬ್ಬ ಮನುಷ್ಯ. ಪ್ರಾಂತ್ಯದ ಪ್ರೀಮಿಯರ್ ರಾಬರ್ಟ್ ಬುರಾಸಾ ಅವರಿಗೆ ಬರೆದ ಪತ್ರದಲ್ಲಿ ಆ ಮನುಷ್ಯ, ಸಹೋದರರು ತೀರಿಹೋಗಿ ದೊಡ್ಡ ಸಂಸಾರಕ್ಕೆ ತಾನೊಬ್ಬನೇ ದಿಕ್ಕು ಎಂದು ಬೇಡಿಕೊಂಡಿದ್ದರು. ಕೊನೆಗೆ ಕಿಟಕಿಯ ಗಾಜು ಒಡೆದು ಹಾರಲು ಹೋಗಿ ಮೈ ಕೊಯ್ದುಕೊಂಡರು. ಸರ್ಕಾರಕ್ಕೆ ರಕ್ತ ಸುರಿಯುವುದಿಲ್ಲ, ಲಾಪೋರ್ಟ್‌ಗೆ ಸುರಿಯಿತು. ಆ ಗಾಯ ಕಂಡ ಮೇಲೂ ಅವರನ್ನು ಬರೀ ‘ಸಚಿವ’ ಎಂದುಕೊಳ್ಳಲು ಸಾಧ್ಯವಿರಲಿಲ್ಲ.

ಆಲ್ಬೇರ್ ಕಮೂ ಅವರ ನಾಟಕ ‘ಲೆ ಜ್ಯುಸ್ತ್’ನಲ್ಲಿ (1949) ಬಾಂಬ್ ಹಿಡಿದು ನಿಂತ ಕ್ರಾಂತಿಕಾರಿ, ಗಾಡಿಯಲ್ಲಿ ಮಕ್ಕಳಿರುವುದನ್ನು ಕಂಡು ಕೈ ತಡೆಯುತ್ತಾನೆ. ಅವನಿಗೆ ಒಂದು ಕ್ಷಣದ ನೋಟ ಸಾಕಾಯಿತು. ಇಲ್ಲಿ ವಾರವಿಡೀ ನೋಡಿಯೂ ಕೈ ತಡೆಯಲಿಲ್ಲ.

ಬೇರೆ ದಾರಿಯೇ ಇರಲಿಲ್ಲವೆಂಬ ವಾದವೂ ನಿಲ್ಲದು. ಅದೇ ಸಂಘಟನೆಯ ಇನ್ನೊಂದು ತಂಡ ಬ್ರಿಟಿಷ್ ವಾಣಿಜ್ಯಾಧಿಕಾರಿ ಜೇಮ್ಸ್ ಕ್ರಾಸ್ ಅವರನ್ನು ಅಕ್ಟೋಬರ್ 5ರಿಂದ ಕೂಡಿಹಾಕಿತ್ತು. ಸರ್ಕಾರ ಆ ತಂಡದ ಮುಖ್ಯ ಬೇಡಿಕೆಗಳಿಗೂ ಮಣಿದಿರಲಿಲ್ಲ. ಆದರೂ ಅವರು ಕೊಲ್ಲಲಿಲ್ಲ. ಪೊಲೀಸರು ಮನೆ ಸುತ್ತುವರಿದಾಗ ಮಾತುಕತೆ ನಡೆಸಿ, ಡಿಸೆಂಬರ್ 3ರಂದು ಕ್ರಾಸ್ ಅವರನ್ನು ಬಿಟ್ಟು ಕ್ಯೂಬಾಕ್ಕೆ ಹೊರಟುಹೋದರು. ಸಿದ್ಧಾಂತ ಒಂದೇ, ಸರ್ಕಾರದ ಹಟವೂ ಒಂದೇ, ಫಲ ಮಾತ್ರ ಬೇರೆ. ಹಾಗಿದ್ದಮೇಲೆ ಕೊಲೆಯ ಹೊಣೆಯನ್ನು ಸಿದ್ಧಾಂತದ ಮೇಲೋ ಸರ್ಕಾರದ ಮೇಲೋ ಪೂರ್ತಿಯಾಗಿ ಹೊರಿಸಿ ಕೈ ತೊಳೆದುಕೊಳ್ಳುವಂತಿಲ್ಲ. ಅದು ಲಾಪೋರ್ಟ್ ಅವರನ್ನು ಹಿಡಿದಿಟ್ಟವರ ಆಯ್ಕೆ.

ಫಲಾರ್ಡೊ ಅವರ ಪಕ್ಷಪಾತ ಸುಳ್ಳಲ್ಲ: ಅಪಹರಣಕಾರರ ಸಂಕಟಕ್ಕೆ ಸಿಕ್ಕಷ್ಟು ಜಾಗ ಲಾಪೋರ್ಟ್ ಅವರ ಸಂಕಟಕ್ಕೆ ಸಿಕ್ಕಿಲ್ಲ. ಆದರೆ ಈ ಸಹಾನುಭೂತಿಯೇ ಅಪಹರಣಕಾರರಿಗೆ ತಿರುಗುಬಾಣವಾಗುತ್ತದೆ. ರಾಕ್ಷಸನನ್ನು ದೂರುವುದು ಸುಲಭ. ಅವನಿಂದ ನಾವು ಬೇರೇನನ್ನೂ ನಿರೀಕ್ಷಿಸುವುದಿಲ್ಲ. ಅಳುಕುವ, ನಿದ್ದೆಗೆಡುವ ಮನುಷ್ಯನಿಂದ ಮಾತ್ರ ನಿರೀಕ್ಷಿಸುತ್ತೇವೆ, ಏಕೆಂದರೆ ಅವನಿಗೆ ಬೇಡವೆನ್ನುವ ಶಕ್ತಿ ಇತ್ತು. ಕೊಲೆಗಾರ ನಮಗೆ ಅರ್ಥವಾದಷ್ಟೂ ಅವನ ಅಪರಾಧ ಹಗುರಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಅರ್ಥವಾದಮೇಲೆಯೇ ಅದರ ಪೂರ್ತಿ ತೂಕ ತಿಳಿಯುವುದು.