ಇರುವೆಯ ಮಾತು ಕೇಳಿದ ದೊರೆ



ಮದ್ರಸದಲ್ಲಿ ಪ್ರವಾದಿ ಸುಲೈಮಾನ್(ಅ)ರ ಚರಿತ್ರೆ ಕೇಳುವಾಗ ನಮಗೆ ಬೇಕಾಗಿದ್ದುದು ಜಿನ್ನ್‌ಗಳ ಸೈನ್ಯ, ಸುದ್ದಿ ತರುವ ಹುದ್‌ಹುದ್ ಹಕ್ಕಿ. ಇರುವೆಯ ಪ್ರಸಂಗ ಸಣ್ಣದೆಂದು ಮರೆಯುತ್ತಿದ್ದೆವು. ಸೈನ್ಯದ ಕಾಲಡಿ ಸಿಕ್ಕೀರೆಂದು ಇರುವೆಯೊಂದು ತನ್ನವರನ್ನು ಎಚ್ಚರಿಸಿತು. ಅದನ್ನು ಕೇಳಿದ ಸುಲೈಮಾನರು ಮುಗುಳ್ನಕ್ಕು, ಕೃತಜ್ಞನಾಗಿರುವ ಭಾಗ್ಯವನ್ನು ಅಲ್ಲಾಹನಲ್ಲಿ ಬೇಡಿದರು. ಕುರ್‌ಆನಿನ 27ನೇ ಸೂರಃ ಹೆಸರು ಪಡೆದದ್ದು ದೊರೆಯಿಂದಲ್ಲ, ಇರುವೆಯಿಂದ.

ಸ್ವೀಡನ್ನಿನ ಹಳೆಯ 20 ಕ್ರೋನಾ ನೋಟಿನ ಹಿಂಬದಿಯಲ್ಲಿ ಹೆಬ್ಬಾತಿನ ಮೇಲೆ ಕುಳಿತು ಹಾರುವ ಹುಡುಗನಿದ್ದ. ಸೆಲ್ಮಾ ಲಾಗರ್‌ಲೋಫ್ 1906ರಲ್ಲಿ ಶಾಲಾಮಕ್ಕಳಿಗಾಗಿ ಬರೆದ ಕಥೆಯ ನಿಲ್ಸ್ ಅವನು. ಇದು ಕಟ್ಟುಕಥೆ, ಆದರೂ ಪಾಠವಿದೆ. ಪ್ರಾಣಿಗಳನ್ನು ಹಿಂಸಿಸುತ್ತಿದ್ದವನು ಮಾಯೆಯಿಂದ ಪುಟ್ಟವನಾದಾಗಲೇ ಅವುಗಳ ಮಾತು ತಿಳಿಯಿತು.

ಕಳೆದ ರಮಝಾನಿನಲ್ಲಿ ಸ್ವಚ್ಛತಾ ಕೆಲಸದ ಸಹೋದರರೊಬ್ಬರು ಬಂದು, "ಭಾಯಿ, ಸಂಬಳದಲ್ಲಿ ಎರಡು ಗಂಟೆ ಕಡಿಮೆ ಬಂದಿದೆ" ಎಂದರು. "ಎರಡು ಗಂಟೆಗೆ ಇಷ್ಟು ಚಿಂತೆಯೇ?" ಎಂದು ಕಳಿಸಿಬಿಟ್ಟೆ. ಅಂದು ಇಫ್ತಾರಿಗೆ ಕಾಯುತ್ತ ಕೂತಾಗ ಒಂದೊಂದು ನಿಮಿಷವೂ ಭಾರವಾಯಿತು. ಅವರ ಎರಡು ಗಂಟೆ ನೆನಪಾಯಿತು. ಮರುದಿನ ಲೆಕ್ಕ ತೆಗೆದು ನೋಡಿದೆ. ಒಂದು ಸಾಲು ಬಿಟ್ಟವನು ನಾನೇ. ಹಣ ಸೇರಿಸಿ, ಕ್ಷಮೆ ಕೇಳಿದೆ.

ಹಸಿವು ನನ್ನನ್ನು ಸಣ್ಣವನನ್ನಾಗಿ ಮಾಡಿದ್ದರಿಂದ ಆ ಮಾತು ಕೇಳಿಸಿತು. ಸುಲೈಮಾನರಿಗಾದರೋ ಸಿಂಹಾಸನದ ಮೇಲಿದ್ದೂ ಕೇಳಿಸಿತು. ನಿಲ್ಸ್ ಮತ್ತೆ ದೊಡ್ಡವನಾದ ಮೇಲೆ ಹಕ್ಕಿಗಳ ಮಾತು ಅವನಿಗೆ ತಿಳಿಯಲಿಲ್ಲ. ಈದ್ ಕಳೆದು ಹೊಟ್ಟೆ ತುಂಬಿದ ಮೇಲೆ ನಮ್ಮ ಕಿವಿ ಯಾರಂತೆ ಇರುತ್ತದೆ? ಉಪವಾಸದ ಲೆಕ್ಕ ತಿಳಿಯುವುದು ಅಂದೇ.

ಅಲ್ಲಾಹನು ನಮಗೆ ಕೇಳುವ ಕಿವಿ ಕರುಣಿಸಲಿ. ಆಮೀನ್.